ಮರಗಿಡಗಳ ನಡುವಿನ ಗಾಲ್ಫ್ ಕೋರ್ಸ್‌ನಲ್ಲಿ ಚೆಂಡು ಪೊದೆ ಸೇರಿದರೆ ಏನು ಮಾಡಬೇಕು?

ನಾನು ಚಿಕ್ಕಬಳ್ಳಾಪುರದವನು, ನಂದಿಬೆಟ್ಟ ನೋಡಿಕೊಂಡು ಆಡುವ ಖುಷಿಯಲ್ಲೇ ಎಷ್ಟೋ ಚೆಂಡುಗಳನ್ನು ಲಂಟಾನ ಪೊದೆಗೆ ಕೊಟ್ಟಿದ್ದೇನೆ. ಹುಡುಕಲು ಇರುವುದು ಬರೀ 3 ನಿಮಿಷ; 2019ಕ್ಕೆ ಮೊದಲು 5 ಇತ್ತು. ಸಿಗಲಿಲ್ವಾ? 1 ಪೆನಾಲ್ಟಿ (ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ) ಸೇರಿಸಿಕೊಂಡು, ಹೊಡೆದ ಜಾಗಕ್ಕೇ ವಾಪಸ್ ನಡೆದು ಇನ್ನೊಂದು ಚೆಂಡು ಹೊಡೆಯಬೇಕು. ಅದಕ್ಕೇ ಅನುಮಾನ ಬಂದ ತಕ್ಷಣ ‘ಪ್ರೊವಿಷನಲ್’ (ತಾತ್ಕಾಲಿಕ ಚೆಂಡು) ಅಂತ ಜೊತೆಯವರಿಗೆ ಹೇಳಿ ಇನ್ನೊಂದು ಹೊಡೆದುಬಿಡಿ, ಹೇಳದೆ ಹೊಡೆದರೆ ಆಮೇಲೆ ಹಳೆಯದು ಕಣ್ಣೆದುರೇ ಸಿಕ್ಕರೂ ಲೆಕ್ಕಕ್ಕಿಲ್ಲ.

ಚೆಂಡು ಸಿಕ್ಕಿದೆ, ಆದರೆ ಮುಳ್ಳಿನ ಬುಡದಲ್ಲಿ ಕೂತಿದೆ ಅಂದ್ರೆ 1 ಪೆನಾಲ್ಟಿ ತಗೊಂಡು, ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದ ಹಾಗೆ, ಮೊಣಕಾಲೆತ್ತರದಿಂದ ಬೀಳಿಸಿ ಆಡಬಹುದು. ಮರದ ಸಂದಿಯಲ್ಲಿ ಹೀರೋ ಆಗಲು ಹೋಗಬೇಡಿ, ಸುಮ್ನೆ ಪಕ್ಕದ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಆಟದ ಹಾದಿಗೆ) ತಳ್ಳಿ. ಪೊದೆಗೆ ಕೈ ಹಾಕುವ ಮುಂಚೆ ಕ್ಲಬ್‌ನಿಂದ ತಟ್ಟಿ, ಹಾವಿರಬಹುದು.