ಪ್ಯಾಡಲ್ ಬೋರ್ಡಿಂಗ್: ಬೀಳುವ ಭಯಕ್ಕಿಂತ ಗಾಳಿಯ ಎಚ್ಚರ ಮುಖ್ಯ

ಪ್ರಶ್ನೆ: ನನಗೆ 42 ವರ್ಷ. ಈಜು ಬರುತ್ತದೆ, ಆದರೆ ಆಳದ ನೀರಿನಲ್ಲಿ ಹೆಚ್ಚು ಹೊತ್ತು ಈಜಿದ ಅಭ್ಯಾಸವಿಲ್ಲ. ರಜೆಯಲ್ಲಿ ಒಮ್ಮೆ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್, ಅಂದರೆ ಮೇಲೆ ನಿಂತು ಹುಟ್ಟು ಹಾಕುತ್ತ ಸಾಗುವ ಉದ್ದನೆಯ ತೇಲುಹಲಗೆ, ಬಾಡಿಗೆಗೆ ಪಡೆದು ಪ್ರಯತ್ನಿಸಿದೆ. ಎದ್ದು ನಿಂತ ಕೂಡಲೇ ಕಾಲು ನಡುಗಿ ನಾಲ್ಕಾರು ಬಾರಿ ಬಿದ್ದೆ. ಈಗ ಗಾಳಿ ತುಂಬುವ ಬೋರ್ಡೊಂದನ್ನು ಕೊಂಡಿದ್ದೇನೆ. ಬೀಳದಂತೆ ನಿಲ್ಲುವುದು ಹೇಗೆ? ಒಬ್ಬಳೇ ಅಭ್ಯಾಸ ಮಾಡಬಹುದೇ?

ಉತ್ತರ: ಕಾಲು ನಡುಗಿದ್ದಕ್ಕೆ ನಿಮ್ಮ ವಯಸ್ಸನ್ನು ದೂರಬೇಡಿ. ಕಾಲಡಿಯ ಬೋರ್ಡ್ ಅಲುಗಿದಾಗ ಯಾರ ದೇಹವಾದರೂ ತಾನಾಗಿ ಬಿಗಿಯುತ್ತದೆ, ಕಣ್ಣು ಪಾದದ ಮೇಲೆ ನೆಟ್ಟುಬಿಡುತ್ತದೆ, ಇವೆರಡೂ ಸೇರಿ ನಮ್ಮನ್ನು ಬೀಳಿಸುತ್ತವೆ. ಸುಮಾರು ಹತ್ತೂವರೆ ಅಡಿ ಉದ್ದ, 32ರಿಂದ 34 ಇಂಚು ಅಗಲವಿರುವ ಬೋರ್ಡು ಹೊಸಬರಿಗೆ ಸಾಕಷ್ಟು ಸ್ಥಿರವಾಗಿರುತ್ತದೆ. ನೀವು ಕೊಂಡಿರುವುದು ಅದಕ್ಕಿಂತ ಕಿರಿದಾಗಿದ್ದರೆ ನಡುಕಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಮೊದಲ ದಿನ ನಿಲ್ಲುವ ಯೋಚನೆಯನ್ನು ಪಕ್ಕಕ್ಕಿಟ್ಟು ಮೊಣಕಾಲೂರಿಯೇ ಹುಟ್ಟು ಹಾಕಿ. ಬೋರ್ಡಿನ ನಡುವೆ ಎತ್ತಿ ಒಯ್ಯಲೆಂದು ಇರುವ ಹಿಡಿಕೆಯ ಎರಡೂ ಬದಿಗೆ ಮೊಣಕಾಲು ಬರುವಂತೆ ಕುಳಿತರೆ ಭಾರ ಸರಿಯಾಗಿ ಹಂಚಿಹೋಗುತ್ತದೆ. ಏಳುವಾಗ ಎರಡೂ ಕೈಗಳನ್ನು ಮುಂದೆ ಊರಿ, ಮೊಣಕಾಲು ಇದ್ದ ಜಾಗಕ್ಕೆ ಒಂದಾದ ಮೇಲೊಂದು ಪಾದವನ್ನು ತಂದು, ಪಾದಗಳನ್ನು ಭುಜದಷ್ಟು ಅಗಲಕ್ಕೆ, ಮುಂದಕ್ಕೆ ನೇರವಾಗಿರಿಸಿ, ಮಂಡಿಯನ್ನು ತುಸು ಬಾಗಿಸಿಯೇ ಎದ್ದು ನಿಲ್ಲಿ. ಕಣ್ಣು ದೂರದ ದಡದ ಮೇಲಿರಲಿ. ನಿಂತ ಕೂಡಲೇ ಹುಟ್ಟನ್ನು ನೀರಿಗಿಳಿಸಿ ಮುಂದೆ ಸಾಗಿ. ನೀರಿನಲ್ಲಿರುವ ಹುಟ್ಟು ಮೂರನೆಯ ಕಾಲಿನಂತೆ ಆಸರೆಯಾಗುತ್ತದೆ, ನಿಂತಲ್ಲೇ ನಿಂತ ಬೋರ್ಡಿಗಿಂತ ಚಲಿಸುವ ಬೋರ್ಡು ಕಡಿಮೆ ಓಲಾಡುತ್ತದೆ. ಹುಟ್ಟಿನ ಅಲಗು ಹಿಡಿಯ ನೇರಕ್ಕಿರದೆ ಸ್ವಲ್ಪ ಬಾಗಿರುವುದನ್ನು ಗಮನಿಸಿರಬಹುದು. ಆ ಬಾಗು ನಿಮ್ಮ ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ಹೊಸಬರಲ್ಲಿ ಬಹಳ ಮಂದಿ ಅದನ್ನು ತಿರುವುಮುರುವು ಹಿಡಿಯುತ್ತಾರೆ.

ಇಷ್ಟಾದರೂ ನೀವು ಬೀಳುತ್ತೀರಿ, ಬೀಳಲೇಬೇಕು ಕೂಡ. ಆದ್ದರಿಂದ ‘ಬೀಳದಂತೆ ಹೇಗೆ’ ಎನ್ನುವುದಕ್ಕಿಂತ ಹೇಗೆ ಬೀಳಬೇಕು, ಬಿದ್ದ ಮೇಲೆ ಹೇಗೆ ಹತ್ತಬೇಕು ಎಂಬುದು ಹೆಚ್ಚು ಉಪಯುಕ್ತ ಪ್ರಶ್ನೆ. ಬೋರ್ಡಿನ ಮೇಲೆ ಬೀಳದೆ ಅದರಿಂದ ದೂರಕ್ಕೆ, ಪಕ್ಕಕ್ಕೆ, ನೀರಿನ ಮೇಲೆ ಮೈಚೆಲ್ಲುವಂತೆ ಬೀಳಿ. ತಲೆ ಮುಂದಾಗಿ ಎಂದಿಗೂ ಬೇಡ, ಏಕೆಂದರೆ ಕೆಳಗೆ ಎಷ್ಟು ಆಳವಿದೆ ಎಂಬುದು ಆ ಕ್ಷಣದಲ್ಲಿ ನಿಮಗೆ ತಿಳಿದಿರುವುದಿಲ್ಲ. ಇದೇ ಕಾರಣಕ್ಕೆ ಸೊಂಟಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ ಎದ್ದು ನಿಲ್ಲಬಾರದು. ಬೋರ್ಡಿನ ತಳದಲ್ಲಿ ಮೀನಿನ ರೆಕ್ಕೆಯಂತೆ ಚಾಚಿರುವ ಫಿನ್ ನೆಲಕ್ಕೆ ತಾಗಿದರೆ ಬೋರ್ಡು ಗಕ್ಕನೆ ನಿಲ್ಲುತ್ತದೆ, ಮೇಲಿರುವವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಮತ್ತೆ ಹತ್ತಲು ಬೋರ್ಡಿನ ನಡುಭಾಗಕ್ಕೆ ಪಕ್ಕದಿಂದ ಬಂದು, ಹಿಡಿಕೆಯನ್ನು ಹಿಡಿದು, ಮೊದಲು ಕಾಲು ಬಡಿಯುತ್ತ ದೇಹವನ್ನು ನೀರಿನ ಮಟ್ಟಕ್ಕೆ ತಂದುಕೊಳ್ಳಿ, ಅನಂತರ ಬೋರಲಾಗಿ ಜಾರಿ ಮೇಲೇರಿ. ಕಾಲು ಕೆಳಗೆ ಇಳಿಬಿಟ್ಟುಕೊಂಡು ತೋಳಬಲದಿಂದಲೇ ಏರಲು ಹೋದರೆ ಎರಡು ಮೂರು ಪ್ರಯತ್ನದಲ್ಲೇ ಸುಸ್ತಾಗುತ್ತದೆ. ನಿಲ್ಲುವುದನ್ನು ಕಲಿಯುವ ಮೊದಲೇ ಇದನ್ನು ಹತ್ತು ಬಾರಿ ಮಾಡಿ.

ಈಗ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಈ ಆಟದಲ್ಲಿ ಬೀಳುವುದಕ್ಕಿಂತ ಗಾಳಿ ದೊಡ್ಡ ಅಪಾಯ. ಬೋರ್ಡಿನ ಮೇಲೆ ನಿಂತ ಮನುಷ್ಯನ ದೇಹವೇ ಹಾಯಿಯಾಗುತ್ತದೆ. ಅದರಲ್ಲಿಯೂ ನೆಲದಿಂದ ನೀರಿನ ಕಡೆಗೆ ಬೀಸುವ ಗಾಳಿ ಮೋಸದ ಗಾಳಿ. ಮರ, ಕಟ್ಟಡ, ದಿಬ್ಬಗಳ ಮರೆಯಿರುವುದರಿಂದ ದಡದ ಬಳಿ ನೀರು ಕನ್ನಡಿಯಂತಿರುತ್ತದೆ, ನೂರಿನ್ನೂರು ಮೀಟರ್ ಆಚೆ ಹೋದ ಮೇಲಷ್ಟೇ ಅದರ ಬಲ ಗೊತ್ತಾಗುತ್ತದೆ. ನನ್ನ ಬಳಿ ಕಲಿಯುತ್ತಿದ್ದವರೊಬ್ಬರು, ಒಳ್ಳೆಯ ಈಜುಗಾರರು, ಅಂಥದೊಂದು ಬೆಳಿಗ್ಗೆ ನಗುನಗುತ್ತ ಸಲೀಸಾಗಿ ಮುಂದೆ ಸಾಗಿದರು. ತಿರುಗಿದಾಗ ಬೋರ್ಡಿನ ಮೂತಿ ದಡದ ಕಡೆಗೇ ಇತ್ತು, ಅವರು ಬಿಡದೆ ಹುಟ್ಟು ಹಾಕುತ್ತಿದ್ದರು, ಆದರೂ ನಮ್ಮಿಬ್ಬರ ನಡುವಿನ ನೀರು ಅಗಲವಾಗುತ್ತಲೇ ಹೋಯಿತು. ಮಲಗಿ ಎಂದು ಕೂಗಿದೆ. ಅವರು ಹುಟ್ಟನ್ನು ಎದೆಯಡಿ ಸಿಕ್ಕಿಸಿಕೊಂಡು, ಬೋರಲು ಮಲಗಿ, ಎರಡೂ ಕೈಯಿಂದ ನೀರು ತಳ್ಳುತ್ತ ಮರಳಿದರು. ದಡ ಮುಟ್ಟಿದಾಗ ಅವರ ಕೈಬೆರಳುಗಳು ಬಿಡಿಸಲಾರದಷ್ಟು ಬಿಗಿದಿದ್ದವು. ನಿಂತಾಗ ಆಗದ್ದು ಮಲಗಿದಾಗ ಆಯಿತು, ಏಕೆಂದರೆ ಗಾಳಿಗೆ ತಳ್ಳಲು ದೇಹ ಸಿಗಲಿಲ್ಲ.

ಹಾಗಾಗಿ ನೀರಿಗಿಳಿಯುವ ಮೊದಲು ಗಾಳಿ ಎತ್ತಲಿಂದ ಎತ್ತ ಬೀಸುತ್ತಿದೆ ಎಂಬುದನ್ನು ನೋಡಿ. ನೆಲದಿಂದ ನೀರಿನತ್ತ ಬೀಸುತ್ತಿದ್ದರೆ ಅಂದು ಬೇಡ. ಹವಾಮಾನದ ಮುನ್ಸೂಚನೆಯಲ್ಲಿ ಗಾಳಿ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ಮುಟ್ಟುವಂತಿದ್ದರೆ ಹೊಸಬರು ದಡದಲ್ಲೇ ಉಳಿಯುವುದು ಲೇಸು. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣುವುದೂ ಅದೇ ಸೂಚನೆ. ಹೋಗುವಾಗ ಗಾಳಿಗೆದುರಾಗಿ ಹೋಗಿ, ದಣಿದು ಬರುವಾಗ ಅದು ನಿಮ್ಮ ಬೆನ್ನಿಗಿರಲಿ. ಸಮುದ್ರವಾದರೆ ಇಳಿತದ ವೇಳೆಯನ್ನೂ ನೋಡಿಕೊಳ್ಳಬೇಕು, ಇಳಿಯುವ ನೀರೂ ಹೊರಕ್ಕೆ ಸೆಳೆಯುತ್ತದೆ. ಮರಳಲಾಗದೆ ಹೋದರೆ ಬೋರ್ಡನ್ನು ಬಿಟ್ಟು ಈಜಲು ಹೊರಡಬೇಡಿ. ನಿಮ್ಮನ್ನು ತೇಲಿಸುವುದೂ ಹುಡುಕುವವರಿಗೆ ಕಾಣಿಸುವುದೂ ಅದೇ.

ಒಬ್ಬರೇ ಅಭ್ಯಾಸ ಮಾಡಬೇಡಿ. ಮೊದಲ ಕೆಲವು ಪಾಠಗಳನ್ನು ತರಬೇತುದಾರರಿಂದಲೇ ಪಡೆಯಿರಿ. ಆಮೇಲೂ ಜೊತೆಗೊಬ್ಬರಿರಲಿ, ಯಾವಾಗ ಮರಳುತ್ತೀರೆಂದು ದಡದಲ್ಲೊಬ್ಬರಿಗೆ ತಿಳಿದಿರಲಿ. ಲೈಫ್ ಜಾಕೆಟ್ ಮೈಮೇಲಿರಬೇಕು, ಬೋರ್ಡಿಗೆ ಕಟ್ಟಿಟ್ಟರೆ ಸಾಲದು. ಸೊಂಟಕ್ಕೆ ಕಟ್ಟುವ, ದಾರ ಎಳೆದರೆ ಗಾಳಿ ತುಂಬಿಕೊಳ್ಳುವ ಬಗೆಯದು ಹೊಸಬರಿಗೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ, ಗಾಬರಿಯಲ್ಲಿ ದಾರ ಹುಡುಕುವುದು ಸುಲಭವಲ್ಲ. ಮೊಬೈಲ್ ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ, ಸೀಟಿಯೊಂದು ಜಾಕೆಟ್ಟಿನಲ್ಲಿರಲಿ.

ಪ್ರಶ್ನೆ: ಬೋರ್ಡಿಗೆ ಕಾಲನ್ನು ಕಟ್ಟುವ ಲೀಶ್ ಹರಿಯುವ ನದಿಯಲ್ಲಿ ಅಪಾಯಕಾರಿ ಎಂದು ಕೇಳಿದ್ದೇನೆ. ಹಾಗಾದರೆ ಅದನ್ನು ಕಟ್ಟಿಕೊಳ್ಳಬೇಕೇ, ಬೇಡವೇ?

ಉತ್ತರ: ನಿಂತ ನೀರಿನಲ್ಲಿ ಕಟ್ಟಲೇಬೇಕು. ಬಿದ್ದಾಗ ಬೋರ್ಡು ಗಾಳಿಗೆ ಸಿಕ್ಕಿ ಈಜುವವರಿಗಿಂತ ವೇಗವಾಗಿ ದೂರ ಹೋಗಿಬಿಡಬಲ್ಲದು. ಕೆರೆ, ಸರೋವರಗಳಲ್ಲಿ ಸುರುಳಿ ಲೀಶನ್ನು ಕಾಲಿಗೆ ಕಟ್ಟಿದರೆ ಸಾಕು. ಹರಿಯುವ ನೀರಿನ ಮಾತೇ ಬೇರೆ. ಅಲ್ಲಿ ಲೀಶ್ ಕೊಂಬೆಗೋ ಕಂಬಕ್ಕೋ ಸುತ್ತಿಕೊಂಡರೆ ನೀರಿನ ಒತ್ತಡದಲ್ಲಿ ಬಾಗಿ ಕಾಲಿನ ಪಟ್ಟಿಯನ್ನು ಬಿಚ್ಚಲಾಗುವುದಿಲ್ಲ. ಆದ್ದರಿಂದ ನದಿಯಲ್ಲಿ ಒಂದೇ ಎಳೆತಕ್ಕೆ ಕಳಚಿಕೊಳ್ಳುವ, ಸೊಂಟಕ್ಕೆ ಕಟ್ಟುವ ಲೀಶ್ ಬೇಕು, ಅದನ್ನು ಕಣ್ಣುಮುಚ್ಚಿ ಕಳಚುವ ಅಭ್ಯಾಸವೂ ಬೇಕು.

ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡುಗಳ ಬಳಿ ಹೊಸಬರು ಸುಳಿಯಲೇಬಾರದು. ಮೇಲಿನಿಂದ ಬರುವವರಿಗೆ ಒಡ್ಡು ಒಂದು ನೇರ ಗೆರೆಯಂತೆ ಮಾತ್ರ ಕಾಣುತ್ತದೆ, ಅದರ ಬುಡದಲ್ಲಿ ನೀರು ಹಿಂದಕ್ಕೆ ಸುತ್ತುತ್ತ ಬಿದ್ದವರನ್ನು ಹಿಡಿದಿಟ್ಟುಕೊಳ್ಳುತ್ತದೆ. 2021ರ ಅಕ್ಟೋಬರ್ 30ರಂದು ವೇಲ್ಸ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ, ರಭಸದಿಂದ ಹರಿಯುತ್ತಿದ್ದ ಕ್ಲೆಡೌ ನದಿಯ ಒಡ್ಡೊಂದರಲ್ಲಿ ಗುಂಪಾಗಿ ಹೊರಟಿದ್ದ ಪ್ಯಾಡಲ್ ಬೋರ್ಡರುಗಳ ಪೈಕಿ ಮೂವರು ಸತ್ತರು, ನಾಲ್ಕನೆಯವರು ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಳೆ ಬಂದು ನದಿ ಏರಿದ್ದರೆ ಬೋರ್ಡನ್ನು ಚೀಲದಿಂದ ತೆಗೆಯುವುದೇ ಬೇಡ.

ಪ್ರಶ್ನೆ: ಹೊರಗೆ ಒಳ್ಳೆಯ ಬಿಸಿಲಿದ್ದಾಗಲೂ ದಪ್ಪ ಉಡುಪು ಬೇಕೇ?

ಉತ್ತರ: ಬಿಸಿಲನ್ನಲ್ಲ, ನೀರನ್ನು ನೋಡಿ ಉಡುಪು ತೊಡಬೇಕು. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಬಿದ್ದ ಕ್ಷಣವೇ ಏದುಸಿರು ಬಂದು ನೀರು ಗಂಟಲಿಗೆ ಹೋಗಬಹುದು, ಈಜು ಬಲ್ಲವರೂ ಮುಳುಗುವುದು ಹೀಗೆಯೇ. ಅಂಥಲ್ಲಿ ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನಂಥ ಬಿಗಿ ಉಡುಪು, ತೊಡಿ. ಅಕಸ್ಮಾತ್ತಾಗಿ ಬಿದ್ದರೆ ಮೊದಲ ಒಂದೆರಡು ನಿಮಿಷ ಬೋರ್ಡನ್ನು ಹಿಡಿದು ಸುಮ್ಮನೆ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ಹತ್ತಿ.