‘ಇಂಟರ್ವೆನ್ಷನ್’ ಸರಣಿಯಲ್ಲಿ ತೋರಿಸುವ ಹಾಗೆ ಮನೆಯವರೆಲ್ಲ ಸೇರಿ ಒಬ್ಬರ ಕುಡಿತ ಬಿಡಿಸಬಹುದೇ?

ಬಿಡಿಸುವುದಲ್ಲ, ಚಿಕಿತ್ಸೆಗೆ ಒಪ್ಪಿಸುವುದು. ಅಷ್ಟೇ ಆ ಭೇಟಿಯ ಗುರಿ. 2005ರಲ್ಲಿ ಅಮೆರಿಕದ ಎ ಆಂಡ್ ಇ ವಾಹಿನಿಯಲ್ಲಿ ಶುರುವಾದ ಈ ಸರಣಿಯಲ್ಲಿ, ವ್ಯಸನದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾರೆ ಎಂದಷ್ಟೇ ವ್ಯಸನಿಗೆ ತಿಳಿದಿರುತ್ತದೆ. ಕೊನೆಗೆ ಕೋಣೆಗೆ ಕಾಲಿಟ್ಟರೆ ಮನೆಮಂದಿ ಕೈಯಲ್ಲಿ ಪತ್ರ ಹಿಡಿದು ಕೂತಿರುತ್ತಾರೆ.

ನಿಜವಾದ ಕೆಲಸ ಅದಕ್ಕೆ ಮುಂಚಿನ ತಯಾರಿ. ಪರಿಣತರು ಮನೆಯವರನ್ನು ಮೊದಲೇ ಕೂರಿಸಿ ಪತ್ರ ಬರೆಸುತ್ತಾರೆ: ಮೊದಲು ಪ್ರೀತಿಯ ಮಾತು, ಆಮೇಲೆ ಕಣ್ಣಾರೆ ಕಂಡ ಘಟನೆ, ಕೊನೆಗೆ ಚಿಕಿತ್ಸೆ ಒಲ್ಲೆ ಎಂದರೆ ಏನೇನು ನಿಲ್ಲುತ್ತದೆ ಎಂಬುದು. ಚಿಕಿತ್ಸಾ ಕೇಂದ್ರದಲ್ಲಿ ಜಾಗ ಮೊದಲೇ ಗೊತ್ತುಮಾಡಿರುತ್ತದೆ. ಒಪ್ಪಿದ ಕೂಡಲೇ ಹೊರಡಬೇಕು. ‘ನಾಳೆ ಹೋಗ್ತೀನಿ’ ಎಂದರೆ ಆ ನಾಳೆ ಬರುವುದು ಕಷ್ಟ. ‘ಇನ್ನು ದುಡ್ಡು ಕೊಡಲ್ಲ’ ಎಂದ ತಾಯಿ ವಾರದೊಳಗೆ ಕೊಟ್ಟರೂ ಎಲ್ಲ ಕೆಟ್ಟಂತೆಯೇ.

ದಯವಿಟ್ಟು ಮನೆಯಲ್ಲಿ ದಿಢೀರನೆ ಕುಡಿತ ನಿಲ್ಲಿಸಬೇಡಿ. ನಿತ್ಯ ಹೆಚ್ಚು ಕುಡಿಯುವವರಿಗೆ ಮೊದಲ 48 ಗಂಟೆಯಲ್ಲಿ ಫಿಟ್ಸ್, ಎರಡು-ಮೂರನೇ ದಿನ ಸನ್ನಿ ಬರಬಹುದು, ಜೀವಕ್ಕೇ ಅಪಾಯ. ವೈದ್ಯರ ನಿಗಾ ಬೇಕೇ ಬೇಕು.

ಹೀಗೆ ದಿಢೀರನೆ ಎದುರಾಗುವುದೊಂದೇ ದಾರಿಯಲ್ಲ. ಕುಡಿಯದಿದ್ದ ಹೊತ್ತಿನಲ್ಲಿ ಮೆಚ್ಚಿ, ಕುಡಿದಾಗ ದೂರ ಸರಿಯುವುದನ್ನು ಮನೆಯವರಿಗೆ ಕಲಿಸುವ ಕ್ರಾಫ್ಟ್ ವಿಧಾನ, 1999ರ ಅಮೆರಿಕದ ಅಧ್ಯಯನದಲ್ಲಿ 64% ಜನರನ್ನು ಚಿಕಿತ್ಸೆಗೆ ತಂದಿತು. ಎದುರು ಕೂರಿಸುವ ವಿಧಾನ ತಂದದ್ದು 30%. ನಮ್ಮಲ್ಲಿ ಸಲಹೆಗೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ.