ಮುಟ್ಟು ನಿಲ್ಲುವ ವಯಸ್ಸಿನ ಆತಂಕಕ್ಕೆ ಎಸ್ಸಿಟಾಲೋಪ್ರಾಮ್ ಶುರು ಮಾಡಿದ ನಾಲ್ಕೇ ದಿನಕ್ಕೆ ಗಾಬರಿ ಹೆಚ್ಚಾಗಿದೆ, ನಿಲ್ಲಿಸಿಬಿಡಲೇ?

ನೀವು ಬರೆದಿರುವುದು ಇಷ್ಟು: ವಯಸ್ಸು 48. ಒಂದು ವರ್ಷದಿಂದ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಬೆಳಗಿನ ಜಾವ ಮೂರಕ್ಕೆ ಎದೆ ಡವಡವ ಅಂತ ಎಚ್ಚರವಾಗುತ್ತದೆ, ಕಾರಣವಿಲ್ಲದ ಭಯ. ಡಾಕ್ಟರು ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ನಾಲ್ಕು ದಿನ ನುಂಗಿದ ಮೇಲೆ ಹೊಟ್ಟೆ ತೊಳಸು, ಕೈ ನಡುಕ, ಗಾಬರಿ ಮೊದಲಿಗಿಂತ ಜಾಸ್ತಿ. ಬಿಪಿಗೂ ಗ್ಯಾಸಿಗೂ ಬೇರೆ ಮಾತ್ರೆಗಳಿವೆ. ಇದು ನಿಮಗೆ ಆಗಿಬರುವುದಿಲ್ಲವೇ, ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ನೀವಾಗಿಯೇ ನಿಲ್ಲಿಸಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: "ಒಂದು ವಾರ 5 ಮಿಲಿಗ್ರಾಂಗೆ ಇಳಿಸಿ, ಆಮೇಲೆ 10ಕ್ಕೆ ಹೋಗಬಹುದೇ?" ಆತಂಕದ ಕಾಯಿಲೆಗೆ ಎಸ್ಸಿಟಾಲೋಪ್ರಾಮಿನಂಥ, ಸೆರೊಟೋನಿನ್ ಹೆಚ್ಚಿಸುವ ಗುಂಪಿನ ಮದ್ದನ್ನು ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಡೋಸಿನಲ್ಲಿ ಆರಂಭಿಸುವುದು ಒಳ್ಳೆಯ ರೂಢಿ. ಎಸ್ಸಿಟಾಲೋಪ್ರಾಮ್ ಆದರೆ 5, ಸರ್ಟ್ರಾಲೀನ್ ಆದರೆ 25 ಮಿಲಿಗ್ರಾಂ. ಮೊದಲೇ ಬೆದರಿರುವ ನರಮಂಡಲಕ್ಕೆ ಪೂರ್ತಿ ಡೋಸ್ ಬಿದ್ದರೆ ನೀವು ಹೇಳುವ ಈ ಗಾಬರಿ, ನಡುಕವೇ ಬರುತ್ತದೆ. 10ರ ಮಾತ್ರೆಯ ಮೇಲೆ ನಡುವೆ ಗೀರು ಇದ್ದರೆ ಅರ್ಧ ಮಾಡಬಹುದು. ಗೀರಿಲ್ಲದಿದ್ದರೆ 5ರ ಸ್ಟ್ರಿಪ್ಪನ್ನೇ ಕೊಳ್ಳಿ, ಚಾಕುವಿನಲ್ಲಿ ಪುಡಿ ಮಾಡಿಕೊಂಡು ಅಂದಾಜಿನ ಮೇಲೆ ನುಂಗುವುದು ಬೇಡ.

ಹೀಗಾಗಲು ಕಾರಣವಿದೆ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಮೆದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಆದರೆ ಆ ಹೆಚ್ಚಳಕ್ಕೆ ಕೋಶಗಳ ಮೇಲೆ ಆ ಸಂದೇಶ ಹಿಡಿಯುವ ಗ್ರಾಹಕಗಳು ಒಗ್ಗಿಕೊಳ್ಳಲು ವಾರಗಳು ಬೇಕು. ಉಪದ್ರವ ಮೊದಲ ದಿನವೇ ಬರುತ್ತದೆ, ಉಪಯೋಗ ಮೂರನೇ ವಾರಕ್ಕೆ. ಕರುಳಿನಲ್ಲೂ ಸೆರೊಟೋನಿನ್ ಬಹಳ ಇರುವುದರಿಂದ ಹೊಟ್ಟೆ ತೊಳಸು, ಭೇದಿ ಮೊದಲು ಕಾಣುತ್ತವೆ. ತಲೆನೋವು, ಪದೇ ಪದೇ ಆಕಳಿಕೆ, ದವಡೆ ಬಿಗಿಯುವುದು, ವಿಚಿತ್ರ ಕನಸು ಕೂಡ ಇದೇ ಲೆಕ್ಕ. ಹೆಚ್ಚಿನವರಿಗೆ ಹತ್ತರಿಂದ ಹದಿನಾಲ್ಕು ದಿನದೊಳಗೆ ಇವು ತಗ್ಗುತ್ತವೆ. ಮದ್ದು ಬಿಡುವವರಲ್ಲಿ ಬಹಳ ಮಂದಿ ಬಿಡುವುದು ಈ ಹದಿನಾಲ್ಕು ದಿನದೊಳಗೇ, ಅಂದರೆ ಕಷ್ಟವನ್ನೆಲ್ಲ ಅನುಭವಿಸಿ ಫಲ ಬರುವ ಮುಂಚೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳುವುದು ಡಾಕ್ಟರ ಕರ್ತವ್ಯ ಎಂದೇ ನಾನು ಭಾವಿಸುತ್ತೇನೆ. ಹೇಳದೆ ಕಳಿಸಿದರೆ ರೋಗಿ ಹೆದರುವುದು ಸಹಜ.

ಈ ದಿನಗಳನ್ನು ದಾಟಲು ಕೆಲವು ಉಪಾಯಗಳಿವೆ. ಮಾತ್ರೆಯನ್ನು ಊಟ ತಿಂಡಿ ಆದ ಮೇಲೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಗೆ ಬೇಡ. ನಿದ್ದೆ ಕೆಡುತ್ತಿದ್ದರೆ ಬೆಳಗಿನ ತಿಂಡಿಯ ನಂತರ, ತೂಕಡಿಕೆ ಬರುತ್ತಿದ್ದರೆ ರಾತ್ರಿ ಊಟದ ನಂತರ. ಹೊತ್ತು ಯಾವುದಾದರೂ ಸರಿ, ದಿನಾ ಅದೇ ಇರಲಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಫಿಲ್ಟರ್ ಕಾಫಿಯನ್ನು ಎರಡು ವಾರ ಬೆಳಗಿನ ಒಂದು ಲೋಟಕ್ಕೆ ನಿಲ್ಲಿಸಿ. ಮಧ್ಯಾಹ್ನದ ಮೇಲಿನ ಕಾಫಿ ನಡುಕ, ಬಿಸಿಯೇರುವಿಕೆ, ನಿದ್ದೆಗೇಡು ಮೂರನ್ನೂ ಹೆಚ್ಚಿಸುತ್ತದೆ.

ಈಗ ನಿಮ್ಮ ಮಾತ್ರೆಯ ಸ್ಟ್ರಿಪ್ಪನ್ನು ಕೈಗೆ ತೆಗೆದುಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿ. ಅಲ್ಲಿ ಎಸ್ಸಿಟಾಲೋಪ್ರಾಮ್ ಒಂದೇ ಇದೆಯೇ, ಅಥವಾ ಕೆಳಗೆ "ಕ್ಲೋನಜೆಪಾಮ್ 0.5 ಮಿಲಿಗ್ರಾಂ" ಎಂಬ ಇನ್ನೊಂದು ಸಾಲು ಇದೆಯೇ? ನಮ್ಮ ದೇಶದಲ್ಲಿ ಇವೆರಡನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವುದು ತೀರಾ ಸಾಮಾನ್ಯ. ಹೆಸರಿನ ತುದಿಯಲ್ಲಿ ಪ್ಲಸ್ ಎಂದೋ ಎರಡು ಅಕ್ಷರದ ಬಾಲವೋ ಇರುತ್ತದೆ. ಕ್ಲೋನಜೆಪಾಮ್ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗಾಬರಿ ಇಳಿಸುವ ಮದ್ದು. ಮೊದಲ ಎರಡು ಮೂರು ವಾರ ದಾಟಿಸಲು ರಾತ್ರಿ 0.25 ಮಿಲಿಗ್ರಾಂ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಅಭ್ಯಾಸವಾಗಿ ಅಂಟಿಕೊಳ್ಳುವುದು ಇದೇ. "ಬಿಡಲಾಗುವುದಿಲ್ಲ" ಎಂದು ಜನ ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಈ ಎರಡನೇ ಸಾಲಿರುತ್ತದೆ. ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಇಳಿಸಲು ಬರುವುದಿಲ್ಲ. ಬೇರೆ ಬೇರೆ ಮಾತ್ರೆಯಾಗಿ ಬರೆದುಕೊಡಿ, ಕ್ಲೋನಜೆಪಾಮ್ ಯಾವ ತಾರೀಖಿಗೆ ಮುಗಿಯಬೇಕು ಎಂಬುದನ್ನೂ ಚೀಟಿಯಲ್ಲೇ ಬರೆಯಿರಿ ಎಂದು ಕೇಳಿ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಮಾತ್ರ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಬೆರೆತ ಮಾತ್ರೆಯನ್ನೂ ಆತಂಕಕ್ಕೆಂದು ಕೊಡುವುದುಂಟು. ಅದು ಬೇರೆಯೇ ಜಾತಿಯ ಮದ್ದು, ದೀರ್ಘಕಾಲ ತೆಗೆದುಕೊಂಡರೆ ಕೈಕಾಲು, ಬಾಯಿ ತಾವಾಗಿಯೇ ಅಲುಗುವ ತೊಂದರೆ ತರಬಲ್ಲದು. ಈ ವಯಸ್ಸಿನ ಆತಂಕಕ್ಕೆ ಮೊದಲ ಆಯ್ಕೆಯಾಗಿ ಅದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಉಳಿದ ಮಾತ್ರೆಗಳ ಮಾತು ಇನ್ನೂ ಮುಖ್ಯ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಎಚ್, ಸಿಎಚ್ ಅಥವಾ ಸಿಟಿ ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿರುತ್ತದೆ. ಅದೂ ರಕ್ತದ ಸೋಡಿಯಂ ಇಳಿಸುತ್ತದೆ, ಎಸ್ಸಿಟಾಲೋಪ್ರಾಮ್ ಕೂಡ ಇಳಿಸುತ್ತದೆ. ಹಾಗಿದ್ದರೆ ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಎರಡು ವಾರದ ಸುಮಾರಿಗೆ ಇನ್ನೊಮ್ಮೆ ಸೋಡಿಯಂ ನೋಡಿಸಬೇಕು. ನಿಮ್ಮದು ಈಗಾಗಲೇ ಶುರುವಾಗಿರುವುದರಿಂದ ಈ ವಾರವೇ ಒಮ್ಮೆ ನೋಡಿಸಿ. ವಿಪರೀತ ಸುಸ್ತು, ತಲೆನೋವು, ಮಾತು ತಡವರಿಸುವುದು, ಮಂಕು ಕವಿದಂತಾಗುವುದು ಕಂಡರೆ ಎರಡು ವಾರ ಕಾಯಬೇಡಿ, ಅದೇ ದಿನ ಪರೀಕ್ಷೆ ಮಾಡಿಸಿ. ಮಾತ್ರೆಯ ಸುಸ್ತು ಎಂದು ಮನೆಯಲ್ಲಿ ಮಲಗಿಬಿಟ್ಟರೆ ಇದು ಕೈಮೀರುತ್ತದೆ.

ಗ್ಯಾಸಿನ ಮಾತ್ರೆಯಲ್ಲೂ ಎರಡು ವಿಷಯ ನೋಡಬೇಕು. ಹೆಸರಿನ ಕೊನೆಗೆ ಡಿ ಅಥವಾ ಡಿಎಸ್‌ಆರ್ ಇದ್ದರೆ ಅದರಲ್ಲಿ ವಾಂತಿ ತಡೆಯುವ ಡೋಂಪೆರಿಡೋನ್ ಇದೆ. ಅದೂ ಎಸ್ಸಿಟಾಲೋಪ್ರಾಮೂ ಹೃದಯ ಬಡಿತದ ವಿದ್ಯುತ್ತಿನಲ್ಲಿ ಕ್ಯೂಟಿ ಎಂಬ ಅವಧಿಯನ್ನು ಉದ್ದ ಮಾಡುತ್ತವೆ, ಅದು ಹೆಚ್ಚಾದರೆ ಬಡಿತ ತಾಳ ತಪ್ಪಬಹುದು; ಜೊತೆಯಲ್ಲಿ ತೆಗೆದುಕೊಳ್ಳುವಂಥವಲ್ಲ. ಹೊಟ್ಟೆ ತೊಳಸು ಎಂದು ಅಂಗಡಿಗೆ ಹೋದರೆ ಮೊದಲು ಕೈಗಿಡುವುದು ಇದೇ ಮಾತ್ರೆ, ಆದ್ದರಿಂದ ಎಚ್ಚರ. ಎರಡನೆಯದು, ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್. ಎಸ್ಸಿಟಾಲೋಪ್ರಾಮನ್ನು ಯಕೃತ್ತು ಕರಗಿಸುವ ದಾರಿಗೆ ಇವು ಅಡ್ಡ ನಿಲ್ಲುತ್ತವೆ. ಒಮೆಪ್ರಜೋಲ್ ಜೊತೆಗಿದ್ದರೆ ರಕ್ತದಲ್ಲಿ ಎಸ್ಸಿಟಾಲೋಪ್ರಾಮ್ ಮಟ್ಟ ಸುಮಾರು ಅರ್ಧದಷ್ಟು ಏರುತ್ತದೆ, ಅಂದರೆ ನೀವು ನುಂಗುವ 10 ಮಿಲಿಗ್ರಾಂ ಮೈಗೆ 15ರಂತೆ ಬೀಳುತ್ತದೆ. ನಿಮ್ಮ ನಾಲ್ಕು ದಿನದ ನಡುಕಕ್ಕೆ ಇದೂ ಒಂದು ಕಾರಣ ಇರಬಹುದು. ಬರೀ ಪ್ಯಾಂಟೊಪ್ರಜೋಲ್ ಇದ್ದರೆ ಈ ತೊಡಕು ಬಹಳ ಕಡಿಮೆ.

ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ರೂಢಿಯಿದ್ದರೆ ಬಿಡಿ; ಈ ಮದ್ದಿನ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಪ್ಯಾರಸಿಟಮಾಲ್ ಸಾಕು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಬೇಡವೇ ಬೇಡ, ಡೆಕ್ಸ್‌ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಇವು ಸೇರಿ ಜ್ವರ, ಸ್ನಾಯು ಸೆಟೆದುಕೊಳ್ಳುವುದು, ಭೇದಿ, ಮಂಪರು ಎಲ್ಲ ಒಟ್ಟಿಗೆ ಬಂದರೆ ಅದು ಸೆರೊಟೋನಿನ್ ವಿಪರೀತವಾದ ಸ್ಥಿತಿ, ನೇರ ಆಸ್ಪತ್ರೆಗೆ ಹೋಗಬೇಕು. ಅಶ್ವಗಂಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅದರಿಂದಲೂ ಎದೆ ಡವಡವ ಬರುತ್ತದೆ.

ಥೈರಾಯ್ಡ್ ಎಂದಾಗ ನೆನಪಾಯಿತು: ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದ್ದೀರಾ? ಪ್ರಶ್ನೆಯಲ್ಲಿ ಬರೆದಿಲ್ಲ. ಥೈರಾಯ್ಡ್ ಹೆಚ್ಚಾದರೂ ಬೆವರು, ನಡುಕ, ನಿದ್ದೆಗೇಡು, ಮುಟ್ಟಿನ ಏರುಪೇರು ಎಲ್ಲ ಇದೇ ಥರ. ಹಿಮೋಗ್ಲೋಬಿನ್, ಬಿ12, ಸಕ್ಕರೆ, ಸೋಡಿಯಂ ಮತ್ತು ಒಂದು ಇಸಿಜಿ ಸೇರಿಸಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕೆಲವರಿಗೆ ವಿಪರೀತ ಸ್ರಾವವಾಗಿ ರಕ್ತಹೀನತೆ ಬಂದಿರುತ್ತದೆ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದಕ್ಕೆ ಅದೇ ಕಾರಣವಾಗಿರುತ್ತದೆ. ಅದಕ್ಕೆ ಬೇಕಿರುವುದು ಕಬ್ಬಿಣ. ನಡೆಯುವಾಗ ಎದೆ ಹಿಡಿದುಕೊಳ್ಳುವುದು, ನೋವು ದವಡೆಗೋ ಎಡಗೈಗೋ ಹರಿಯುವುದು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ ಆತಂಕ ಎಂಬ ಹಣೆಪಟ್ಟಿಯನ್ನು ಒಪ್ಪಿಕೊಳ್ಳಬೇಡಿ, ಮೊದಲು ಹೃದಯ ನೋಡಿಸಿ.

ಇನ್ನೊಂದು ಪ್ರಶ್ನೆಯನ್ನು ಡಾಕ್ಟರ ಮುಂದಿಡಿ: ಈ ಭಯ ಬಿಸಿಯೇರುವುದರ ಹಿಂದೆ ಬರುತ್ತದೋ, ಅದಿಲ್ಲದೆಯೂ ದಿನವಿಡೀ ಇರುತ್ತದೋ? ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದಿಡಿ. ಎದೆಯಿಂದ ಕುತ್ತಿಗೆ, ಮುಖಕ್ಕೆ ಕಾವು ಏರಿ, ಬೆವರಿ, ಕೆಲವು ನಿಮಿಷಕ್ಕೆ ಚಳಿಯಾಗಿ ನಿಂತರೆ ಅದು ಹಾಟ್ ಫ್ಲಶ್. ರಾತ್ರಿ ಮೂರರ ಎಚ್ಚರಕ್ಕೆ ಅದೇ ಮೂಲವಾಗಿದ್ದರೆ ಹಾರ್ಮೋನ್ ಚಿಕಿತ್ಸೆಯ ವಿಚಾರ ಸ್ತ್ರೀರೋಗ ತಜ್ಞರ ಬಳಿ ಎತ್ತಲೇಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಅದು ಸಾಮಾನ್ಯವಾಗಿ ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಸೇರಲೇಬೇಕು. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್‌ನಲ್ಲಿ ಹೆಪ್ಪುಗಟ್ಟುವ ಅಪಾಯ ಕಡಿಮೆ. ಹಾರ್ಮೋನನ್ನೂ ಎಸ್ಸಿಟಾಲೋಪ್ರಾಮನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಭಯ ದಿನವಿಡೀ ಇದ್ದರೆ, ಹಿಂದೆ ಬಾಣಂತನದಲ್ಲೋ ಬೇರೆ ಯಾವಾಗಲೋ ಖಿನ್ನತೆ ಬಂದಿದ್ದರೆ, ಆತಂಕದ ಮದ್ದಿಗೆ ಹೆಚ್ಚು ಅರ್ಥವಿದೆ. ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಸಿಕ್ಕರೆ ಬಿಡಬೇಡಿ, ನಿದ್ದೆಗೂ ಹಾಟ್ ಫ್ಲಶ್‌ನ ಕಿರಿಕಿರಿಗೂ ಅದು ಸಹಾಯ ಮಾಡುತ್ತದೆ.

ಎಸ್ಸಿಟಾಲೋಪ್ರಾಮ್ ಹಾಟ್ ಫ್ಲಶನ್ನೂ ಸ್ವಲ್ಪ ಮಟ್ಟಿಗೆ ಇಳಿಸುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ 10ರಿಂದ 20 ಮಿಲಿಗ್ರಾಂ ಎಂಟು ವಾರ ತೆಗೆದುಕೊಂಡ ಮಹಿಳೆಯರಲ್ಲಿ ಅದರ ಸಂಖ್ಯೆ, ತೀವ್ರತೆ ಎರಡೂ ಕಡಿಮೆಯಾದವು. ಖಿನ್ನತೆ, ಆತಂಕಕ್ಕೆ ಕೊಡುವ ವೆನ್ಲಾಫ್ಯಾಕ್ಸಿನ್ ಕೂಡ ಈ ಕೆಲಸ ಮಾಡುತ್ತದೆ, ಆದರೆ ಬಿಪಿ ಏರಿಸಬಹುದು, ಬಿಡುವಾಗ ಕಾಟ ಹೆಚ್ಚು. ನಿಮ್ಮ ಸ್ಥಿತಿಯಲ್ಲಿ ಅದು ಮೊದಲ ಆಯ್ಕೆಯಲ್ಲ. ಇದನ್ನು ಓದುವ ಬೇರೆಯವರಲ್ಲಿ ಯಾರಾದರೂ ಸ್ತನ ಕ್ಯಾನ್ಸರಿಗೆ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಎಸ್ಸಿಟಾಲೋಪ್ರಾಮ್ ಗುಂಪಿನವೇ ಆದ ಪ್ಯಾರಾಕ್ಸೆಟೀನ್, ಫ್ಲುವಾಕ್ಸೆಟೀನ್ ಬೇಡ. ಟ್ಯಾಮೊಕ್ಸಿಫೆನ್ ಮೈಯಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನೇ ಅವು ತಡೆಯುತ್ತವೆ.

ಮೂರನೇ, ನಾಲ್ಕನೇ ವಾರಕ್ಕೆ ಏನು ನಿರೀಕ್ಷಿಸಬೇಕು? ಭಯ ಒಮ್ಮೆಲೇ ಮಾಯವಾಗುವುದಿಲ್ಲ. ಬಾಗಿಲು ಬಡಿದ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ, ರಾತ್ರಿ ಎಚ್ಚರವಾದರೂ ಮತ್ತೆ ನಿದ್ದೆ ಹತ್ತುತ್ತದೆ, ಒಂದೇ ಯೋಚನೆ ಗಿರಕಿ ಹೊಡೆಯುವುದು ಸಡಿಲವಾಗುತ್ತದೆ. ಸರಿಯಾದ ಡೋಸಿನಲ್ಲಿ ಆರರಿಂದ ಎಂಟು ವಾರ ಆಗುವ ಮುನ್ನ ಕೆಲಸ ಮಾಡಲಿಲ್ಲ ಎಂದು ತೀರ್ಮಾನಿಸಬಾರದು. ಹಾಗೆಯೇ ಎಂಟು ವಾರವಾದರೂ ಏನೂ ಗುಣವಿಲ್ಲದಿದ್ದರೆ ಅದೇ ಚೀಟಿ ತೋರಿಸಿ ಮಾತ್ರೆ ಕೊಳ್ಳುತ್ತಾ ಹೋಗಬಾರದು, ಡೋಸನ್ನೋ ಮದ್ದನ್ನೋ ಬದಲಿಸಬೇಕು.

ಉಳಿಯಬಹುದಾದ ತೊಂದರೆಗಳಲ್ಲಿ ಯಾರೂ ಬಾಯಿಬಿಡದ್ದು ಲೈಂಗಿಕ ಆಸಕ್ತಿ ಕುಂದುವುದು, ತೃಪ್ತಿ ತಡವಾಗುವುದು. ಈ ವಯಸ್ಸಿನ ಯೋನಿಯ ಒಣತನದಿಂದಲೂ ಮನಸ್ಸಾಗದೆ ಇರಬಹುದು, ಅದಕ್ಕೆ ಬೇರೆಯೇ ಕ್ರೀಮ್ ಇದೆ. ಎರಡನ್ನೂ ಡಾಕ್ಟರಿಗೆ ಹೇಳಿ, ನಾಚಿಕೆ ಪಡುವ ವಿಷಯವಲ್ಲ. ಈ ಮದ್ದು ತಾನೇ ರಾತ್ರಿ ಬೆವರನ್ನೂ ತರಬಹುದು. ಮೈ ಬಿಸಿಯಾಗದೆ ಬರೀ ಬೆವರು ಹೊಸದಾಗಿ ಶುರುವಾದರೆ ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಬರೆಯಿರಿ. ಮುಟ್ಟು ನಿಂತು ಪೂರ್ತಿ ಒಂದು ವರ್ಷವಾದ ಮೇಲೆ ರಕ್ತ ಕಂಡರೆ ಅದನ್ನು ಮಾತ್ರೆಯ ತಲೆಗೆ ಕಟ್ಟದೆ ಸ್ತ್ರೀರೋಗ ತಜ್ಞರನ್ನು ನೋಡಿ.

ನಿದ್ದೆಯೇ ಬೇಡವೆನಿಸಿ ವಿಪರೀತ ಹುರುಪು, ಮಾತು, ಖರ್ಚು ಶುರುವಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ನಿಮಗೋ ಮನೆತನದಲ್ಲೋ ಅಂಥ ಇತಿಹಾಸವಿದ್ದರೆ ಈಗಲೇ ಹೇಳಿ. ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾಯಬೇಕೆಂಬ ಯೋಚನೆ ಬಂದರೆ ಮನೆಯವರಿಗೆ ಹೇಳಿ ತಕ್ಷಣ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಜೀವನಪೂರ್ತಿಯ ಪ್ರಶ್ನೆ. ಎಸ್ಸಿಟಾಲೋಪ್ರಾಮ್ ಚಟ ಹಿಡಿಸುವುದಿಲ್ಲ, ದಿನದಿನಕ್ಕೆ ಡೋಸ್ ಏರಿಸಬೇಕೆಂಬ ಆಸೆ ಹುಟ್ಟಿಸುವುದಿಲ್ಲ. ಆದರೆ ಮೈ ಅದಕ್ಕೆ ಒಗ್ಗಿರುವುದರಿಂದ ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತೆ ಜುಂ ಅನ್ನುವುದು, ಸಿಡುಕು ಬರುತ್ತವೆ. ಪೂರ್ತಿ ಹುಷಾರಾದ ಮೇಲೆ ಕನಿಷ್ಠ ಆರು ತಿಂಗಳು, ಸಾಮಾನ್ಯವಾಗಿ ಒಂದು ವರ್ಷ ಮುಂದುವರಿಸಿ ಆಮೇಲೆ ಇಳಿಸುತ್ತಾರೆ. 10ರಿಂದ 7.5, ಅಲ್ಲಿಂದ 5, ಆಮೇಲೆ 2.5, ಪ್ರತಿ ಹಂತಕ್ಕೂ ಎರಡರಿಂದ ನಾಲ್ಕು ವಾರ. ಕೊನೆಯ ಹಂತಗಳೇ ಕಷ್ಟ, ಯಾಕೆಂದರೆ ಮೆದುಳಿನ ಮೇಲೆ ಮದ್ದಿನ ಹಿಡಿತ ಡೋಸಿನ ಲೆಕ್ಕಕ್ಕೆ ಸರಿಯಾಗಿ ಇಳಿಯುವುದಿಲ್ಲ, 5ರಿಂದ ಕೆಳಕ್ಕೆ ಬಂದಾಗ ದಬದಬನೆ ಬೀಳುತ್ತದೆ. ಇಳಿಸಿದ ಕೆಲವೇ ದಿನಕ್ಕೆ ತಲೆಸುತ್ತಿನೊಂದಿಗೆ ಬರುವುದು ಸಾಮಾನ್ಯವಾಗಿ ಮದ್ದು ಬಿಟ್ಟದ್ದರ ಲಕ್ಷಣ. ವಾರಗಳ ನಂತರ ನಿಧಾನವಾಗಿ ಹಳೆಯ ಭಯವೇ ಮರಳಿದರೆ ಅದು ಕಾಯಿಲೆ. ಮೊದಲನೆಯದಾದರೆ ಡಾಕ್ಟರಿಗೆ ತಿಳಿಸಿ ಹಿಂದಿನ ಡೋಸಿಗೆ ಒಂದು ಹಂತ ಮರಳಿ, ಒಂದು ತಿಂಗಳು ನಿಂತು, ಮುಂದಿನ ಸಲ ಇಳಿಸುವಾಗ ಅದರ ಅರ್ಧದಷ್ಟೇ ಇಳಿಸಿ.